ಕಾವಿನ ಪಟ

ಬಾಯ್ಲರ್ ಮನೆಯ ಹಿಂಗೋಡೆಗೆ ಬಲಭುಜ ಒತ್ತಿಕೊಂಡು ನಿಂತಿದ್ದ ಪುಟ್ಟಲಕ್ಷ್ಮಮ್ಮ ಇಟ್ಟಿಗೆಯ ಬಿಸಿ ಚುರ್ರೆಂದರೂ ಕದಲಲಿಲ್ಲ. ಗಾರೆ ಉದುರಿ ಇಟ್ಟಿಗೆ ಬಯಲಾಗಿದ್ದ ಜಾಗ ಅದು. ಮಳೆಗಾಲದಲ್ಲಿ ಕೆಲಸದ ಹೆಂಗಸರು ಒದ್ದೆ ಸೆರಗನ್ನು ಅಲ್ಲೇ ಒಡ್ಡಿ ಒಣಗಿಸಿಕೊಳ್ಳುತ್ತಿದ್ದರು. ಈಗ ಬಿಸಿಲು ಕಾಲ, ಆ ಕಡೆ ಯಾರಿಗೂ ಅಷ್ಟಾಗಿ ಕೆಲಸವಿರಲಿಲ್ಲ. ರೇಷ್ಮೆ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿದ ಹುಳುಗಳನ್ನು ಚಾಪೆಯ ಮೇಲೆ ಹರವಿದ್ದರಿಂದ, ಅದರ ನಾತಕ್ಕೆ ಕಾಗೆಗಳನ್ನು ಬಿಟ್ಟರೆ ಬೇರೆ ಜೀವ ಅತ್ತ ಸುಳಿಯುತ್ತಿರಲಿಲ್ಲ. ರವಿಕೆಯ ತೋಳನ್ನು ಭುಜದಿಂದ ಜಾರಿಸಿ, ಸೆರಗು ಮರೆಮಾಡಿಕೊಂಡು, ಹಲ್ಲು ಕಚ್ಚಿ ನಿಂತಿದ್ದಳು. ಸಾಕೇನೋ ಎಂದು ಈಚೆಗೆ ಬಂದವಳು, ಸಾಲದೇನೋ ಎನ್ನಿಸಿ ಮತ್ತೆ ಹೋಗಿ ಒತ್ತಿದಳು.

ಒಳಗಿನಿಂದ ಜೊತೆಗೆಲಸದ ಸಿದ್ದಮ್ಮನ ದನಿ ಬಂತು.

"ಪುಟ್ಟಕ್ಕಾ, ಎಲ್ಲೋದೆ? ಮುಂದ್ಲು ಪಾಳಿ ನಿಂದೇ ಕನ."

ರಾಮನಗರದ ಆ ರೀಲಿಂಗ್ ಕಾರ್ಖಾನೆ ಆಫ್ತಾಬ್ ಸಾಹೇಬರದು. ಸಾಲಾಗಿ ಇಟ್ಟ ಬಟ್ಟಲುಗಳಲ್ಲಿ ಸುಡುನೀರು, ನೀರಿನಲ್ಲಿ ತೇಲುವ ರೇಷ್ಮೆಗೂಡು, ಒಂದೊಂದು ಬಟ್ಟಲಿನ ಮುಂದೆ ಒಬ್ಬೊಬ್ಬ ಹೆಂಗಸು. ಗೂಡಿನ ತುದಿ ಹುಡುಕಿ ಎಳೆಯನ್ನು ಚರಕಕ್ಕೆ ಹತ್ತಿಸುವುದು, ಕಡಿದರೆ ಮತ್ತೆ ಹುಡುಕುವುದು. ಬೆಳಿಗ್ಗೆ ನೀರಿಗೆ ಇಳಿದ ಕೈ ಸಂಜೆಗೇ ಮೇಲೇಳುವುದು. ಕೂಟಗಲ್ ಕಡೆಯಿಂದ ಬಸ್ಸಿನಲ್ಲಿ ಬರುವವರಲ್ಲಿ ಪುಟ್ಟಲಕ್ಷ್ಮಮ್ಮನೂ ಅವಳ ಸೊಸೆ ಮಾನಸಳೂ ಅಕ್ಕಪಕ್ಕದ ಬಟ್ಟಲಿನವರು. ಆ ಹೆಂಗಸರಲ್ಲಿ ಕತ್ತು, ಭುಜ, ಮಣಿಕಟ್ಟು ನೋವು ಎನ್ನದವರು ಯಾರೂ ಇರಲಿಲ್ಲ. ಎನ್ನುತ್ತಲೇ ಕೆಲಸ ಮಾಡುವುದೂ ಅಭ್ಯಾಸವಾಗಿತ್ತು.

ಬೆಂಗಳೂರಿನ ಯಾವುದೋ ಕಾಲೇಜಿನಿಂದ ಬಂದ ಕವನ ಎಂಬ ಡಾಕ್ಟರಮ್ಮ ಹಿಂದಿನ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದಳು. ಅವಳ ಕ್ಯಾಮರಾ ಮೈಯ ಕಾವನ್ನು ಬಣ್ಣ ಮಾಡಿ ತೋರಿಸುತ್ತದೆ. ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಿ ಕೀಲೋ ಮಾಂಸಖಂಡವೋ ಒಳಗೊಳಗೇ ಊದಿಕೊಂಡಿದ್ದರೆ ಆ ಜಾಗ ಸುತ್ತಲಿಗಿಂತ ಬಿಸಿಯಾಗಿರುತ್ತದೆ, ಪಟದಲ್ಲಿ ಕೆಂಪಗೆ ಕಾಣುತ್ತದೆ. ಪಟ ತೆಗೆಯುವ ದಿನ ಎಣ್ಣೆ ಹಚ್ಚಬಾರದು, ಮುಲಾಮು ಬಳಿಯಬಾರದು, ಶಾಖ ಕೊಡಬಾರದು. ಬಿಸಿನೀರಿನಿಂದ ಎದ್ದು ಬಂದು, ಮೈ ತಣಿಯುವ ತನಕ ಗೂಡಿನ ಕೋಣೆಯಲ್ಲಿ ಸುಮ್ಮನೆ ಕೂತಿರಬೇಕು. ಆಫ್ತಾಬ್ ಸಾಹೇಬರು ಪಕ್ಕದಲ್ಲೇ ನಿಂತಿದ್ದವರು ತಮ್ಮದೂ ಒಂದು ಮಾತು ಸೇರಿಸಿದ್ದರು: ನೋವು ತೀರಾ ಹೆಚ್ಚಿದ್ದವರಲ್ಲಿ ಇಬ್ಬರನ್ನು ಕೆಲವು ತಿಂಗಳು ಗೂಡು ಆರಿಸುವ ಕೆಲಸಕ್ಕೆ ಕೂರಿಸುತ್ತೇನೆ, ಕೂಲಿ ಕಡಿಮೆ ಮಾಡುವುದಿಲ್ಲ.

ಆಗ ಸಿದ್ದಮ್ಮನೇ ಎದ್ದು, "ಮೊದ್ಲು ನಮ್ ಪುಟ್ಟಕ್ಕಂದು ನೋಡಿ ಮೇಡಂ. ಎರಡು ವರ್ಸದಿಂದ ಆವಮ್ಮ ತಲೇನೇ ಬಾಚ್ಕೊಂಡಿಲ್ಲ, ಸೊಸೆ ಬಾಚೋದು," ಎಂದಿದ್ದಳು. ಎಲ್ಲರೂ ಹೌದೆಂದು ತಲೆಯಾಡಿಸಿದ್ದರು. ಪುಟ್ಟಲಕ್ಷ್ಮಮ್ಮ ಮಾತ್ರ ತಲೆಯಾಡಿಸಿರಲಿಲ್ಲ.

ಯಾಕೆಂದರೆ ಆ ಭುಜದಲ್ಲಿ ನೋವಿರಲಿಲ್ಲ.

ಮೊದಲು ಇದ್ದದ್ದು ನಿಜ. ಮಾನಸ ಮನೆ ತುಂಬಿದ ವರ್ಷವೇ ಅದು ಹಿಡಿದುಕೊಂಡಿತ್ತು. ಕೈ ಎದೆಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ, ರಾತ್ರಿ ಮಗ್ಗುಲಾದರೆ ಜೀವ ಹೋದಂತಾಗುತ್ತಿತ್ತು. ಮಗ ಮುತ್ತುರಾಜು ಕುರಿ ಅಟ್ಟಿಕೊಂಡು ಬೆಳಿಗ್ಗೆ ಹೋದರೆ ಸಂಜೆ ಬರುವವನು. ಅತ್ತೆಯ ಪಾಲಿನ ಕೆಲಸಗಳೆಲ್ಲ ಒಂದೊಂದಾಗಿ ಸೊಸೆಯ ಕೈಗೆ ಹೋದವು. ರಾಗಿ ಹಿಟ್ಟು ತೊಳಸುವುದು, ನೀರು ಸೇದುವುದು, ಹಾಸಿಗೆ ಬಟ್ಟೆ ಹಿಂಡುವುದು, ಕುರಿಗೆ ಸೊಪ್ಪಿನ ಹೊರೆ ತರುವುದು. ಸಂಜೆ ಮಾನಸ ಹಂಚಿನಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಭುಜಕ್ಕೆ ಒತ್ತುತ್ತಿದ್ದಳು. ಒತ್ತುತ್ತಾ ತನ್ನೂರಿನ ಮಾತು, ಕಾರ್ಖಾನೆಯ ಮಾತು, ಯಾವುದೋ ಧಾರಾವಾಹಿಯ ಮಾತು ಆಡುತ್ತಿದ್ದಳು. ಆಮೇಲೆ ತಲೆ ಬಿಚ್ಚಿ ಸಿಕ್ಕು ಬಿಡಿಸಿ ಜಡೆ ಹಾಕುತ್ತಿದ್ದಳು. ಪುಟ್ಟಲಕ್ಷ್ಮಮ್ಮನ ತಾಯಿ ಸತ್ತ ಮೇಲೆ ಅವಳ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಅವಳು ಸೊಸೆಯಾಗಿದ್ದ ಕಾಲದಲ್ಲಂತೂ ಯಾರೂ ನೋವೇ ಎಂದು ಕೇಳಿದವರಲ್ಲ.

ನೋವು ಹೇಗೆ ಬಂದಿತ್ತೋ ಹಾಗೆಯೇ ಹೇಳದೆ ಕೇಳದೆ ಹೋಯಿತು. ಒಂದು ಬೆಳಿಗ್ಗೆ ಅಟ್ಟದ ಮೇಲಿನ ಮೊರಕ್ಕೆ ಕೈ ಚಾಚಿದವಳು, ಕೈ ಸಲೀಸಾಗಿ ಮೇಲಕ್ಕೆ ಹೋದದ್ದನ್ನು ಕಂಡು ತಾನೇ ಬೆರಗಾಗಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಇಳಿಸಿದಳು. ಅವತ್ತೇ ಹೇಳಿದ್ದರೆ ನಗುನಗುತ್ತ ಮುಗಿದುಹೋಗುತ್ತಿತ್ತು. ಸಂಜೆ ಮಾನಸ ಎಂದಿನಂತೆ ಉಪ್ಪು ಹುರಿದು ತಂದಳು, ಮುತ್ತುರಾಜು ಎಂದಿನಂತೆ ನೋವು ಹೆಂಗೈತವ್ವಾ ಎಂದು ಕೇಳಿದ. "ಅಂಗೇ ಐತಪ್ಪ," ಎಂದಳು. ಮಾರನೆಯ ದಿನ ಹೇಳೋಣ ಅಂದುಕೊಂಡಳು. ಆ ಮಾರನೆಯ ದಿನ ದೂರ ಹೋಗುತ್ತಲೇ ಇತ್ತು, ಹೋದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು. ಕೊನೆಗೆ ತಾನು ಸುಳ್ಳು ಹೇಳುತ್ತಿದ್ದೇನೆ ಎನ್ನುವುದೂ ಅವಳಿಗೆ ಮರೆತಂತೆಯೇ ಆಗಿತ್ತು. ಈ ಕ್ಯಾಮರಾ ಬರದೇ ಹೋಗಿದ್ದರೆ ಹಾಗೆಯೇ ನಡೆದುಹೋಗುತ್ತಿತ್ತೋ ಏನೋ.

ಹಾಗಾಗಿ ಮೈ ತಣಿಸಿಕೊಂಡು ಕೂತಿರಬೇಕಾದ ಹೊತ್ತಿನಲ್ಲಿ, ಪಾಯಿಖಾನೆಗೆ ಹೋಗಿಬತ್ತೀನಿ ಎಂದು ಎದ್ದು ಈ ಗೋಡೆಯ ಬಳಿ ಬಂದಿದ್ದಳು.

ಗೂಡಿನ ಕೋಣೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದ್ದರು. ಒಂದು ಸ್ಟೂಲು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮರಾ, ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪು. ಗೋಡೆಯ ಉದ್ದಕ್ಕೂ ಪಾಳಿಗೆ ಕಾದ ಹೆಂಗಸರು. ಕತ್ತು ನೋವಿನ ಹಮೀದಾಳ ಪಟ ಆಗಲೇ ಆಗಿ, ಕತ್ತಿನಿಂದ ಬೆನ್ನಿನವರೆಗೆ ಕೆಂಡ ಸುರಿದಂತೆ ಕಂಡು, ಎರಡು ಜಾಗದಲ್ಲಿ ಒಂದು ಅವಳಿಗೆ ಎಂದು ತೀರ್ಮಾನವಾಗಿತ್ತು. ಉಳಿದದ್ದು ಒಂದು.

ಕವನ ಮೊದಲು ಕೈ ಎತ್ತಿಸಿ ನೋಡಿದಳು. ಪುಟ್ಟಲಕ್ಷ್ಮಮ್ಮ ಎದೆಯ ಮಟ್ಟಕ್ಕೆ ಎತ್ತಿ, ಅಲ್ಲಿ ನಿಲ್ಲಿಸಿ, ಮುಖ ಕಿವಿಚಿದಳು. ಎರಡು ವರ್ಷದ ಅಭ್ಯಾಸ. ಆಮೇಲೆ ಭುಜ ಬಯಲು ಮಾಡಿಸಿ ಕ್ಯಾಮರಾಕ್ಕೆ ಬೆನ್ನು ತಿರುಗಿಸಿ ಕೂರಿಸಿದಳು. ಕ್ಲಿಕ್ ಎಂಬ ಸದ್ದೂ ಬರಲಿಲ್ಲ. ಕೋಣೆಯಲ್ಲಿ ಎಲ್ಲರೂ ಮೌನವಾದದ್ದರಿಂದಲೇ ಪಟ ಬಂತೆಂದು ಅವಳಿಗೆ ಗೊತ್ತಾದದ್ದು. ತಿರುಗಿ ನೋಡಿದಳು.

ಪರದೆಯ ಮೇಲೆ ಅವಳ ಬೆನ್ನೆಲ್ಲ ಹಸಿರು, ಅಲ್ಲಲ್ಲಿ ಹಳದಿ. ಬಲಭುಜ ಮಾತ್ರ ಕೆಂಪು. ಆದರೆ ಆ ಕೆಂಪಿಗೆ ಮೂಲೆಗಳಿದ್ದವು. ಒಂದರ ಕೆಳಗೊಂದು ಎರಡು ನೀಳ ಚೌಕ, ನಡುವೆ ಕೋಲಿಟ್ಟು ಎಳೆದಂಥ ತೆಳ್ಳನೆಯ ಗೆರೆ.

"ಇದೇನವ್ವ ಇದು," ಎಂದಳು ಸಿದ್ದಮ್ಮ, ಕತ್ತು ಚಾಚಿ. "ಭುಜದ್ ಮ್ಯಾಲೆ ಯಾರೋ ಗೋಡೆ ಕಟ್ದಂಗೈತೆ."

ಒಂದಿಬ್ಬರು ಕಿಸಕ್ಕೆಂದರು. ಕವನ ನಗಲಿಲ್ಲ. ಪರದೆಯನ್ನು ಅವರಿಗೆ ಕಾಣದ ಹಾಗೆ ತುಸು ತಿರುಗಿಸಿ, ಪುಟ್ಟಲಕ್ಷ್ಮಮ್ಮನ ಹತ್ತಿರ ಬಂದು ಭುಜದ ಮೇಲೆ ಅಂಗೈ ಇಟ್ಟಳು. ಅವಳ ಅಂಗೈ ತಣ್ಣಗಿತ್ತು.

"ಅಮ್ಮಾ, ಈಗ ಏನಾದ್ರೂ ಶಾಖ ತಗೊಂಡ್ರಾ?" ಎಂದು ದನಿ ತಗ್ಗಿಸಿ ಕೇಳಿದಳು. "ಊತ ಇದ್ರೆ ಹೀಗೆ ಅಂಚು ಬರಲ್ಲ, ಮೆಲ್ಲಗೆ ಹರಡಿಕೊಂಡಿರತ್ತೆ."

ಪುಟ್ಟಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸುತ್ತಲಿನ ಕಣ್ಣುಗಳೆಲ್ಲ ಆ ಬಿಸಿ ಜಾಗದ ಮೇಲೆಯೇ ನೆಟ್ಟಂತಿದ್ದವು. ಆಗ ಗೋಡೆಯ ಸಾಲಿನಿಂದ ಮಾನಸ ಎದ್ದಳು.

"ನಾನೇ ಕೊಟ್ಟಿದ್ದು ಮೇಡಂ. ಉಪ್ಪಿನ ಶಾಖ. ಚೌಕ ಮಡ್ಚಿ ಕಟ್ಟಿದ್ದೆ. ನೀವು ಬ್ಯಾಡ ಅಂದಿದ್ದು ಮರ್ತೇಬುಟ್ಟೆ."

ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳುವವಳ ಹಾಗೆ ಹೇಳಿದಳು. ಪುಟ್ಟಲಕ್ಷ್ಮಮ್ಮ ನೆಲ ನೋಡಿದಳು. ಬೆಳಿಗ್ಗೆ ಯಾರೂ ಉಪ್ಪು ಹುರಿದಿರಲಿಲ್ಲ. ಅದು ಅವಳಿಗೂ ಗೊತ್ತು, ಮಾನಸಳಿಗೂ ಗೊತ್ತು. ಗೋಡೆಯ ಬಿಸಿ ಅವಳ ಭುಜದಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಏರಿದಂತಾಯಿತು. ಈಗ ಆ ಕ್ಯಾಮರಾವನ್ನು ಮುಖಕ್ಕೆ ಹಿಡಿದರೆ ಏನು ಕಾಣುತ್ತಿತ್ತೋ.

ಪರವಾಗಿಲ್ಲ, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಸಲ ತೆಗೆಯೋಣ ಎಂದಳು ಕವನ. ಎದ್ದು ನಿಂತಿದ್ದೀಯಲ್ಲ, ನಿನ್ನದೂ ಈಗಲೇ ಆಗಲಿ ಎಂದು ಮಾನಸಳನ್ನೇ ಕೂರಿಸಿದಳು. ಮಾನಸ ಬೇಡವೆಂದಳು, ತನಗೇನೂ ಇಲ್ಲವೆಂದಳು. ಎಲ್ಲರದೂ ತೆಗೆಯಲೇಬೇಕು ಎಂದದ್ದಕ್ಕೆ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬೇರೆ ಕಡೆ ನೋಡತೊಡಗಿದಳು.

ಈ ಸಲ ಪರದೆ ತಿರುಗಿಸಲು ಕವನಳಿಗೆ ನೆನಪಾಗಲಿಲ್ಲ. ಎಡಗೈ ಹಸಿರಾಗಿತ್ತು. ಬಲಗೈಯಲ್ಲಿ ಹೆಬ್ಬೆರಳ ಬುಡದಿಂದ ಹೊರಟ ಕೆಂಪು ಮಣಿಕಟ್ಟನ್ನು ಬಳಸಿ ಮುಂದೋಳಿನ ಅರ್ಧದವರೆಗೆ ಹರಿದಿತ್ತು. ನಡುವೆ ಒಂದು ಕಡೆ ಬಣ್ಣ ಕೆಂಪನ್ನೂ ದಾಟಿ ಬೆಳ್ಳಗಾಗಿತ್ತು. ಅದಕ್ಕೆ ಅಂಚಿರಲಿಲ್ಲ. ನೀರಿಗೆ ಬಿದ್ದ ಕುಂಕುಮದ ಹಾಗೆ ಮೆಲ್ಲಗೆ ಕರಗಿಕೊಂಡು ಹೋಗಿತ್ತು.

ಪಟ ಒಂದನ್ನೇ ನಂಬಿ ಹೇಳುವುದಿಲ್ಲ ಎನ್ನುತ್ತ ಕವನ ಅವಳ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಿದಳು. ಮಾನಸಳಿಂದ ಸದ್ದು ಬರಲಿಲ್ಲ. ಕಣ್ಣಿನ ನೀರು ಮಾತ್ರ ತಾನಾಗಿ ಕೆನ್ನೆಗೆ ಇಳಿಯಿತು. ಎಷ್ಟು ದಿನದಿಂದ ಎಂದರೆ ನೆನಪಿಲ್ಲ ಎಂದಳು.

"ಹಿಂಡೋದು, ತಿರುವೋದು, ಭಾರ ಎತ್ತೋದು ಮೂರೂ ಬಂದ್ ಮಾಡಬೇಕು ನೀನು," ಎಂದಳು ಕವನ. "ಹೀಗೇ ಬಿಟ್ರೆ ನಾಳೆ ಮಗುವಾದ್ರೆ ಎತ್ತಿಕೊಳ್ಳೋಕೂ ಆಗಲ್ಲ. ಮನೇಲಿ ಗಟ್ಟಿ ಕೆಲಸ ಯಾರು ಮಾಡೋದು?"

"ಇಬ್ರೂ ಮಾಡ್ತೀವಿ ಮೇಡಂ," ಎಂದಳು ಮಾನಸ.

ಹೊಡೆದಿದ್ದರೂ ಪುಟ್ಟಲಕ್ಷ್ಮಮ್ಮನಿಗೆ ಅಷ್ಟು ತಾಕುತ್ತಿರಲಿಲ್ಲ. ಸಿದ್ದಮ್ಮ ಒಮ್ಮೆ ಸೊಸೆಯ ಮುಖವನ್ನೂ ಒಮ್ಮೆ ಅತ್ತೆಯ ಭುಜವನ್ನೂ ನೋಡಿ, ಎಂದೂ ಇಲ್ಲದವಳು, ಬಾಯಿ ಮುಚ್ಚಿಕೊಂಡಳು.

ಮಧ್ಯಾಹ್ನ ಅತ್ತೆ ಸೊಸೆ ಎಂದಿನಂತೆ ಅಂಗಳದ ಹೊಂಗೆಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತರು. ಮಾನಸ ಎಡಗೈಯಲ್ಲಿ ಡಬ್ಬಿಯ ಮುಚ್ಚಳ ತೆಗೆದಳು. ಬಲಗೈಯಲ್ಲಿ ಮುದ್ದೆ ಮುರಿಯುವಾಗ ಹೆಬ್ಬೆರಳನ್ನು ಬಿಟ್ಟು ಉಳಿದ ಬೆರಳಿನಲ್ಲೇ ಮುರಿದಳು. ದಿನವೂ ಹೀಗೆಯೇ ಮುರಿಯುತ್ತಿದ್ದಳೇ? ಎದುರಿಗೇ ಕೂತು ಉಂಡಿದ್ದರೂ ಪುಟ್ಟಲಕ್ಷ್ಮಮ್ಮನಿಗೆ ಹೇಳಲು ಬರುತ್ತಿರಲಿಲ್ಲ.

"ಆಗ್ಲೇ ಅಂಗ್ಯಾಕೆ ಅಂದೆ ನೀನು?" ಎಂದು ಕೊನೆಗೆ ಕೇಳಿದಳು.

ಮಾನಸ ಸಾರು ಸುರಿದುಕೊಂಡಳು. "ಮದ್ಯಾನ ಗೋಡೆ ತಾವ ಹೋಗ್ಬೇಡಿ ಅತ್ತೆ. ಭುಜ ಬೊಬ್ಬೆ ಬರ್ತದೆ."

"ನೋಡ್ದಾ?"

"ಚಾಪೆ ಮ್ಯಾಕೆ ಹುಳ ಎರ್ಚಕ್ಕೆ ಬಂದಿದ್ದೆ."

ಪಕ್ಕದ ಮನೆಯ ಕೋಳಿ ಬಂದು ಚೆಲ್ಲಿದ ಅಗುಳು ಹೆಕ್ಕಿತು.

"ಇವತ್ತೇ ಗೊತ್ತಾಯ್ತಾ ನಿಂಗೆ?"

"ಇಲ್ಲ. ಹೋದ್ ಯುಗಾದಿ ಹಿಂದೆ ಕುರಿಮರಿ ತಿಪ್ಪೆಗುಂಡಿಗೆ ಬಿದ್ದೋಯ್ತಲ್ಲ. ಬಲಗೈಲಿ ಎತ್ತಿ ಹೆಗಲ್ ಮ್ಯಾಕೆ ಹಾಕ್ಕೊಂಡ್ ಬಂದ್ರಿ. ನಾನು ಹಿತ್ಲಲ್ಲಿದ್ದೆ."

ಆ ಯುಗಾದಿ ಕಳೆದು ಇನ್ನೊಂದು ಯುಗಾದಿ ಹತ್ತಿರ ಬರುತ್ತಿತ್ತು. ಅಷ್ಟೂ ಸಂಜೆ ಇವಳು ಗೊತ್ತಿದ್ದೇ ಉಪ್ಪು ಹುರಿದಿದ್ದಳು. ಗೊತ್ತಿದ್ದೇ ತಲೆ ಬಾಚಿದ್ದಳು. ತಾನು ಕಣ್ಣು ಮುಚ್ಚಿ ನರಳುತ್ತಿದ್ದಾಗ ಈ ಹುಡುಗಿ ಹಿಂದೆ ಕೂತು ಏನು ಅಂದುಕೊಳ್ಳುತ್ತಿದ್ದಳೋ ಎಂದು ಯೋಚಿಸಿದ ಪುಟ್ಟಲಕ್ಷ್ಮಮ್ಮನಿಗೆ, ಅಲ್ಲಿಂದ ಎದ್ದು ಎಲ್ಲಾದರೂ ಹೋಗಿಬಿಡೋಣ ಎನ್ನಿಸಿತು.

"ಅವನಿಗಾದ್ರೂ ಏಳ್ಬೋದಾಗಿತ್ತಲ್ಲವ್ವ, ಮುತ್ತುರಾಜಂಗೆ."

"ಏಳ್ಬುಟ್ರೆ," ಎಂದಳು ಮಾನಸ, ಡಬ್ಬಿಯಿಂದ ತಲೆ ಎತ್ತದೆ, "ಆಮ್ಯಾಕೆ ಅದೇ ಮನೇಲಿ ನೀವು ಎಂಗೆ ಓಡಾಡ್ತಿದ್ರಿ?"

ಅಷ್ಟೇ ಹೇಳಿ ಕೈ ತೊಳೆಯಲು ನಲ್ಲಿಯ ಕಡೆಗೆ ಹೋದಳು. ಆ ಮಾತಿನಲ್ಲಿ ಕೋಪವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಬಹಳ ದಿನ ಹೊತ್ತು ಸುಸ್ತಾದ ಒಂದು ಭಾರವನ್ನು ನೆಲಕ್ಕಿಳಿಸಿದ ಹಾಗಿತ್ತು.

ಎರಡನೆಯ ಸಲ ಪುಟ್ಟಲಕ್ಷ್ಮಮ್ಮ ಗೋಣಿತಾಟಿನ ಕತ್ತಲಲ್ಲಿ ಕೂತು ತನ್ನ ಮೈ ತಣಿಯುವುದನ್ನೇ ಕಾದಳು. ಉಳಿದ ಒಂದು ಜಾಗ ಯಾರಿಗೆ ಎನ್ನುವುದು ಅವಳ ಪಟದ ಮೇಲೆ ನಿಂತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆಫ್ತಾಬ್ ಸಾಹೇಬರೂ ಬಾಗಿಲಲ್ಲಿ ಬಂದು ನಿಂತಿದ್ದರು. ಹಿರಿಯವಳು, ಎರಡು ವರ್ಷದ ನೋವಿನವಳು, ಅವಳಿಗೇ ಕೊಡಬೇಕಾಗುತ್ತದೇನೋ ಎಂಬಂತೆ ಅವರ ಮುಖವಿತ್ತು. ಕವನ ಕೈ ಎತ್ತಲು ಹೇಳಿದಳು. ಪುಟ್ಟಲಕ್ಷ್ಮಮ್ಮ ಎತ್ತಿದಳು. ಎದೆಯ ಮಟ್ಟಕ್ಕೆ ಬಂದಾಗ ಅಭ್ಯಾಸದಿಂದ ಕೈ ತಾನಾಗಿ ನಿಂತಿತು. ಅದನ್ನು ಮುಂದಕ್ಕೆ ಎತ್ತಬೇಕೆಂದುಕೊಂಡಳು. ಸಿದ್ದಮ್ಮನ ಕಣ್ಣು, ಹಮೀದಾಳ ಕಣ್ಣು, ಬಾಗಿಲಲ್ಲಿ ಸಾಹೇಬರು. ಕೈ ಅಲ್ಲೇ ಉಳಿಯಿತು.

ಪಟ ಬಂತು. ಬೆನ್ನು, ಎರಡು ಭುಜ, ಕತ್ತು, ಎಲ್ಲ ಒಂದೇ ಹಸಿರು. ನಾಟಿ ಮಾಡಿದ ಗದ್ದೆಯ ಹಾಗೆ.

"ಚೆನ್ನಾಗಿದೆಯಲ್ಲ ಅಮ್ಮಾ," ಎಂದಳು ಕವನ, ಅರ್ಥವಾಯಿತೋ ಆಗಲಿಲ್ಲವೋ ಎಂಬಂತೆ ಅವಳನ್ನು ನೋಡುತ್ತ. ಕೆಲವರಿಗೆ ನೋವಿದ್ದೂ ಪಟದಲ್ಲಿ ಕಾಣದೇ ಇರಬಹುದು ಎಂದೂ ಸೇರಿಸಿದಳು. ದಾಟಿಕೊಳ್ಳಲು ಅವಳು ಹಾಕಿಕೊಟ್ಟ ಹಲಗೆ ಅದು. "ಇನ್ನೂ ನೋವಿದೆಯಾ?"

ಬಾಯಿ ಬಿಟ್ಟಾಗ ಪುಟ್ಟಲಕ್ಷ್ಮಮ್ಮನಿಂದ ಹೊರಟದ್ದು ಪೂರ್ತಿ ನಿಜವಲ್ಲ. "ಈಗೀಗ... ಒಂದೆಲ್ಡು ದಿವಸದಿಂದ ಒಸಿ ಪರವಾಗಿಲ್ಲ ಕನವ್ವ. ನಂಗ್ ಬ್ಯಾಡ. ಅವ್ಳುನ್ನ ಕೂರ್ಸಿ."

ಒಂದೆರಡು ದಿವಸ ಎಂದಾಗ ಯಾರೋ ಕೆಮ್ಮಿದರು. ಸಾಹೇಬರು ಮಾನಸಳ ಕಡೆ ತಿರುಗಿ, ಇಷ್ಟು ದಿನ ಬಾಯಿ ಬಿಡಬಾರದಿತ್ತೇನಮ್ಮ ಎಂದು ಗದರಿ, ನಾಳೆಯಿಂದ ಗೂಡಿನ ಕೋಣೆಗೆ ಬಾ ಎಂದು ಹೊರಟುಹೋದರು. ಪುಟ್ಟಲಕ್ಷ್ಮಮ್ಮ ರವಿಕೆಯ ತೋಳು ಏರಿಸಿಕೊಂಡು ಮತ್ತೆ ತನ್ನ ಬಟ್ಟಲಿಗೆ ಹೋದಳು. ಕೊಡಬೇಕಾದ್ದನ್ನು ಕೊಟ್ಟೆನಲ್ಲ ಎಂದು ಸಮಾಧಾನ ಪಡಲು ನೋಡಿದಳು, ಆಗಲಿಲ್ಲ. ಒಂದೆರಡು ದಿವಸ ಎಂದ ತನ್ನದೇ ದನಿ ಚರಕದ ಸದ್ದಿನೊಳಗೂ ಕೇಳುತ್ತಿತ್ತು. ಇವತ್ತು ಮನೆಗೆ ಹೋಗಿ ಮಗನಿಗೂ ಹೀಗೇ ಹೇಳುತ್ತೇನೆ, ಅವನು ನಂಬುತ್ತಾನೆ, ಇವಳು ಒಲೆಯ ಮುಂದೆ ಕೂತು ಅದನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಾಳೆ.

ಸಂಜೆಯ ಬಸ್ಸು ಎಂದಿನಂತೆ ತುಂಬಿ ಬಂತು. ಹತ್ತಿದಾಗ ನಡುವಿನಲ್ಲಿ ಒಂದೇ ಒಂದು ಸೀಟು ಖಾಲಿಯಿತ್ತು. ಮಾನಸ ಅದರ ಪಕ್ಕಕ್ಕೆ ಸರಿದು ಅತ್ತೆಗೆ ದಾರಿ ಬಿಟ್ಟಳು.

"ನೀನ್ ಕೂತ್ಕೊ," ಎಂದಳು ಪುಟ್ಟಲಕ್ಷ್ಮಮ್ಮ.

ಮಾನಸ ಒಂದು ಗಳಿಗೆ ಅವಳನ್ನು ನೋಡಿದಳು. ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಬಸ್ಸು ಜಗ್ಗಿತು. ಪುಟ್ಟಲಕ್ಷ್ಮಮ್ಮನ ಎಡಗೈಯಲ್ಲಿ ಇಬ್ಬರ ಬ್ಯಾಗುಗಳಿದ್ದವು. ತಲೆಯ ಮೇಲೆ ಹಿಡಿದುಕೊಳ್ಳುವ ಕಂಬಿ. ಬಲಗೈ ಎತ್ತಿದಳು. ಎದೆಯ ಮಟ್ಟ ದಾಟಿತು, ಕಿವಿ ದಾಟಿತು, ತೋಳು ನೆಟ್ಟಗೆ ಚಾಚಿ ಕಂಬಿಯನ್ನು ಭದ್ರವಾಗಿ ಹಿಡಿಯಿತು.

ಹಿಂದಿನ ಸೀಟಿನಲ್ಲಿ ಕೂತಿದ್ದ ಮರಿಯಪ್ಪ ಅದನ್ನು ನೋಡಿದ. ಊರ ಡೇರಿಯ ಮುಂದೆ ಟೀ ಕಾಯಿಸುವವನು ಅವನು. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರೆಲ್ಲ ಅವನ ಅಂಗಡಿಯಲ್ಲಿ ನಿಂತೇ ಹೋಗುವುದು. ಮುತ್ತುರಾಜುವೂ ನಿಲ್ಲುತ್ತಾನೆ.

"ಏನಕ್ಕಾ," ಎಂದ ಮರಿಯಪ್ಪ, ಬಸ್ಸಿಗೆಲ್ಲ ಕೇಳುವ ಹಾಗೆ. "ಕೈ ಮ್ಯಾಕೇ ಓಯ್ತಾ ಐತಲ್ಲ. ಯಾವಾಗ ವಾಸಿಯಾಯ್ತು?"

ಕಿಟಕಿಯ ಕಡೆಗಿದ್ದ ಮಾನಸಳ ಕತ್ತು ಅಲುಗಲಿಲ್ಲ. ಪುಟ್ಟಲಕ್ಷ್ಮಮ್ಮ ಕಂಬಿ ಬಿಡಲಿಲ್ಲ.

"ವರ್ಸದ್ ಮ್ಯಾಲಾಯ್ತು ಮರಿಯಪ್ಪ," ಎಂದಳು. "ನಾನೇ ಯಾರ್ಗೂ ಏಳಿರ್ನಿಲ್ಲ."

ಸುತ್ತಲಿನ ಎರಡು ಮೂರು ಮುಖಗಳು ಇತ್ತ ತಿರುಗಿ ಮತ್ತೆ ಅತ್ತ ತಿರುಗಿದವು. ಬಸ್ಸು ಬಂಡೆಗಳ ತಿರುವು ಬಳಸಿ ಊರಿನ ದಾರಿ ಹಿಡಿಯಿತು. ಹಿಂದೆ ಒಂದು ಸೀಟು ಖಾಲಿಯಾಯಿತು. ಕಂಡಕ್ಟರು ಬನ್ನಿ ಕೂತ್ಕೊಳಿ ಎಂದರೂ ಅವಳು ಹೋಗಲಿಲ್ಲ. ಗಾಜಿನ ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಯ ಹತ್ತಿರ ಬಂದು ನಿಂತಿದ್ದವು. ಪ್ರತಿ ಹಳ್ಳಕ್ಕೂ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಊರು ಬರುವ ತನಕ ಆ ಕೈ ಹಾಗೇ ಮೇಲೆಯೇ ಇತ್ತು.